ಹದಿನೆಂಟನೆಯ ಮೇಜು

ಅರಾಂದಾ, ೧೨ ಸೆಪ್ಟೆಂಬರ್ ೨೦೦೬

ಗೌರವಾನ್ವಿತ ಸಿಸ್ಟರ್ ತೆಕ್ಲಾ ಅವರಿಗೆ,

ನೀವು ನನ್ನನ್ನು ಬಲ್ಲವರಲ್ಲ. ನನ್ನ ಹೆಸರು ನೀವೆಸ್ ಅರ್ರಾನ್ಸ್. ನಿಮ್ಮ ತಮ್ಮ ಎಲಾದಿಯೊ ಅವರ ಒಪ್ಪಿಗೆ ಪಡೆದೇ ಈ ಪತ್ರ ಬರೆಯುತ್ತಿದ್ದೇನೆ. ಅಂಚೆ ಡಬ್ಬಿಗೆ ತಾವೇ ಹಾಕುವುದಾಗಿ ಅವರು ಪಕ್ಕದಲ್ಲಿ ಕೋಟು ತೊಟ್ಟು ಕಾಯುತ್ತಿದ್ದಾರೆ.

ಡೌನ್ ಸಿಂಡ್ರೋಮ್ ಇರುವವರಿಗೆ, ಬುದ್ಧಿ ನಿಧಾನ ಎಂದು ಊರು ಬದಿಗಿಟ್ಟವರಿಗೆ ಕೆಲಸ ಕೊಡಿಸುವುದು ನನ್ನ ಉದ್ಯೋಗ. ಖಾಲಿ ಇರುವ ಕೆಲಸದೊಳಗೆ ಮನುಷ್ಯನನ್ನು ತುರುಕುವವಳಲ್ಲ ನಾನು. ಮೊದಲು ಮನುಷ್ಯನನ್ನು ನೋಡುತ್ತೇನೆ, ಆಮೇಲೆ ಅವನ ಅಳತೆಗೆ ಕೆಲಸ ಹೊಲಿಸುತ್ತೇನೆ. ಶುರುವಿನಲ್ಲಿ ಪಕ್ಕದಲ್ಲೇ ನಿಂತು ಕಲಿಸಿ, ಆಮೇಲೆ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತೇನೆ. ನಾನು ಯಾರಿಗೂ ಬೇಡವಾದ ದಿನ ನನ್ನ ಕೆಲಸ ಗೆದ್ದಂತೆ.

ನಿಮ್ಮ ತಾಯಿ ತೀರಿಕೊಂಡ ಮೇಲೆ ಎಲಾದಿಯೊ ಇನ್ನಿಬ್ಬರ ಜೊತೆ ನಮ್ಮ ಸಂಸ್ಥೆಯ ಮನೆಯಲ್ಲಿದ್ದಾರೆ. ಹೋದ ವಾರ ಹಳೆಯ ಮನೆ ಖಾಲಿ ಮಾಡಲು ಅವರೊಂದಿಗೆ ಹೋಗಿದ್ದೆ. ನಾನು ಪೆಟ್ಟಿಗೆ ಕಟ್ಟುತ್ತಿದ್ದೆ. ಮಧ್ಯಾಹ್ನ ಎರಡಕ್ಕೆ ತಿರುಗಿ ನೋಡಿದರೆ, ಅಡುಗೆಮನೆಯ ಮೇಜಿನ ಮೇಲೆ ಬಟ್ಟೆ ಹಾಸಿ ಮೂರು ತಟ್ಟೆ ಇಟ್ಟಿದ್ದರು. ಫೋರ್ಕು ಎಡಕ್ಕೆ, ಚಾಕು ಬಲಕ್ಕೆ. ತಟ್ಟೆಗೂ ಮೇಜಿನ ಅಂಚಿಗೂ ನಡುವೆ ಎರಡು ಬೆರಳಿನ ಜಾಗ, ಅದನ್ನೂ ಬೆರಳಿಟ್ಟೇ ಅಳೆಯುತ್ತಿದ್ದರು.

“ಯಾರ್ಯಾರಿಗೆ ಇದು?” ಅಂದೆ.

“ಅಮ್ಮಂಗೆ, ನಂಗೆ, ಚೆಲೋಗೆ.”

“ಚೆಲೋ ಎಲ್ಲಿ?”

“ಬರ್ತಾಳೆ. ಬಸ್ಸು ಲೇಟು.”

ಚೆಲೋ ನೀವೇ, ಮಠ ಸೇರುವ ಮೊದಲು ಮನೆಯಲ್ಲಿ ಕರೆಯುತ್ತಿದ್ದ ಹೆಸರು ಅದು ಎಂದು ನೆರೆಮನೆಯವರಿಂದ ತಿಳಿಯಿತು. ತಮ್ಮನ ಬಗ್ಗೆ ನಿಮಗೆ ಗೊತ್ತಿರುವುದನ್ನೆಲ್ಲ ಬರೆಯಿರಿ. ಏನು ಇಷ್ಟ, ಯಾವುದಕ್ಕೆ ಸಿಟ್ಟು ಬರುತ್ತದೆ, ಹೆದರಿದಾಗ ಏನು ಮಾಡುತ್ತಾರೆ, ಎಲ್ಲವೂ ನನಗೆ ಬೇಕು.

ನೀವೆಸ್

*

ಆಲ್ಕೋರಾ ಮಠ, ೩ ಅಕ್ಟೋಬರ್ ೨೦೦೬

ಪ್ರಿಯ ನೀವೆಸ್ ಅವರೇ,

ನಿಮ್ಮ ಪತ್ರವನ್ನು ತೋಟದ ಬೆಂಚಿನ ಮೇಲೆ ಕೂತು ಎರಡು ಸಲ ಓದಿದೆ. ನೀವು ಅವನನ್ನು ‘ಅವರು’ ಎಂದು ಬರೆದಿದ್ದೀರಿ. ನಮ್ಮ ಮನೆಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ ಯಾರ ಬಾಯಿಂದಲೂ ಆ ಮಾತು ಬಂದದ್ದಿಲ್ಲ.

ಮೊದಲು ಇಲ್ಲಿಯ ನಿಯಮ ಹೇಳಿಬಿಡುತ್ತೇನೆ. ಈ ಬಾಗಿಲೊಳಗೆ ಬಂದವರು ಹೊರಗೆ ಹೋಗುವುದಿಲ್ಲ. ನಾನು ಬಂದು ಹತ್ತೊಂಬತ್ತು ವರ್ಷವಾಯಿತು. ಫೋನು ಇರುವುದು ಹೆಬ್ಬಾಗಿಲಲ್ಲಿ, ನಾವು ಮಾಡುವ ಬಾದಾಮಿ ಸಿಹಿ ಕೊಳ್ಳುವವರಿಗಾಗಿ. ನಮ್ಮನ್ನು ಅದಕ್ಕೆ ಕರೆಯುವುದಿಲ್ಲ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ಮತ್ತು ವಿಭೂತಿ ಬುಧವಾರದಿಂದ ಪಾಸ್ಕದವರೆಗಿನ, ಅಂದರೆ ಈಸ್ಟರ್‌ವರೆಗಿನ, ತಪಸ್ಸು ಕಾಲದಲ್ಲಿ ನಾವು ಪತ್ರ ಬರೆಯುವುದೂ ಇಲ್ಲ, ಓದುವುದೂ ಇಲ್ಲ. ಬಂದದ್ದೆಲ್ಲ ಮದರ್ ಕೋಣೆಯ ಮರದ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ಯಾರಿಗಾದರೂ ಜೀವಕ್ಕೆ ಕುತ್ತು ಬಂದಿದ್ದರೆ ಮಾತ್ರ ಲಕೋಟೆಯ ಮೂಲೆಯಲ್ಲಿ ಒಂದು ಶಿಲುಬೆ ಎಳೆಯಿರಿ. ಅಂಥದ್ದನ್ನು ಮದರ್ ಆಗಲೇ ಕೊಡುತ್ತಾರೆ.

ಎಲಾದಿಯೊಗೆ ಬಿಸಿ ಬ್ರೆಡ್ಡು ಇಷ್ಟ, ಅದರ ಗಟ್ಟಿ ತುದಿ ಇನ್ನೂ ಇಷ್ಟ. ಅವಸರ ಮಾಡಿಸಿದರೆ ಸಿಟ್ಟು ಬರುತ್ತದೆ. ಹೆದರಿದರೆ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾನೆ. ಮೂರನೆಯ ತಟ್ಟೆ ನಮ್ಮ ಅಮ್ಮನ ರೂಢಿ. ನಾನು ಇಲ್ಲಿಗೆ ಬಂದ ಮೇಲೂ ಅಮ್ಮ ಭಾನುವಾರ ನನಗೊಂದು ತಟ್ಟೆ ಇಡಿಸುತ್ತಿದ್ದಳಂತೆ. ಮಗಳು ದೇವರ ಮನೆಯಲ್ಲಿದ್ದರೂ ಮನೆಯವಳೇ ಅನ್ನುವ ಪ್ರೀತಿ. ಬೇರೇನೂ ಇಲ್ಲ.

ನಿಮಗಾಗಿ ಪ್ರಾರ್ಥಿಸುವ,
ಸಿಸ್ಟರ್ ತೆಕ್ಲಾ

*

ಅರಾಂದಾ, ೨೪ ಫೆಬ್ರವರಿ ೨೦೦೭

ಪ್ರಿಯ ಸಿಸ್ಟರ್,

ಸಿಕ್ಕಿತು! ನಿಮ್ಮ ಪ್ರಾರ್ಥನೆಯೋ ನನ್ನ ಹಟವೋ, ಇಬ್ಬರೂ ಅರ್ಧರ್ಧ ಹಂಚಿಕೊಳ್ಳೋಣ.

ಇಲ್ಲಿ ಗೊಯೋ ಎಂಬವರ ಊಟದ ಹೋಟೆಲಿದೆ. ಸೌದೆ ಒಲೆಯಲ್ಲಿ ಕುರಿಮರಿ ಸುಡುತ್ತಾರೆ, ಭಾನುವಾರ ಮಡ್ರಿಡ್‌ನಿಂದಲೂ ಜನ ಬರುತ್ತಾರೆ. ಗೊಯೋಗೆ ಅರವತ್ತು ದಾಟಿದೆ. ಮೀಸೆ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ನನ್ನನ್ನು ನೋಡಿದ ಕೂಡಲೇ, “ನನ್ ಹತ್ರ ಕೆಲ್ಸ ಖಾಲಿ ಇಲ್ಲ ತಾಯಿ, ಮುಂದೆ ಹೋಗು” ಅಂದರು.

“ಖಾಲಿ ಇರೋ ಕೆಲ್ಸ ಕೇಳೋಕೆ ಬಂದಿಲ್ಲ. ನಿಮ್ ಸಪ್ಲೈಯರ್‌ಗಳು ಬೈಕೊಂಡು ಮಾಡೋ ಕೆಲ್ಸ ಯಾವ್ದು, ಅದು ಹೇಳಿ.”

ಅವರು ಮೀಸೆ ತಿರುವಿದರು. “ಮೇಜು ಹಾಸೋದು. ಹದಿನೆಂಟು ಮೇಜು ಇವೆ, ಒಬ್ಬನಿಗೂ ಬೇಡ. ಒಂದು ಫೋರ್ಕು ಉತ್ತರಕ್ಕೆ ಇಟ್ರೆ ಇನ್ನೊಂದು ದಕ್ಷಿಣಕ್ಕೆ.”

“ಅದನ್ನ ಕೊಡಿ ನಂಗೆ.”

“ಪ್ಲೇಟು ಒಡೆದ್ರೆ?”

“ನಿಮ್ಮೋರು ಒಡೆದಾಗ ಏನ್ ಮಾಡ್ತೀರಾ?”

“ಅಪ್ಪನ್ನೂ ಅಜ್ಜನ್ನೂ ಸೇರಿಸಿ ಬೈತೀನಿ.”

“ಇವರಿಗೂ ಹಾಗೇ ಬೈರಿ.”

ಎಲ್ಲ ಕೆಲಸದಿಂದ ಆ ಒಂದನ್ನು ಕತ್ತರಿಸಿ ತೆಗೆದು ಎಲಾದಿಯೊಗೆ ಕೊಟ್ಟೆವು. ಬೆಳಿಗ್ಗೆ ಹನ್ನೊಂದಕ್ಕೆ ಹೋಗುತ್ತಾರೆ, ಎರಡಕ್ಕೆ ಬಾಗಿಲು ತೆರೆಯುವುದರೊಳಗೆ ಹದಿನೆಂಟೂ ಮೇಜು ಸಿದ್ಧ. ಬಟ್ಟೆ, ತಟ್ಟೆ, ಫೋರ್ಕು, ಚಾಕು, ಗ್ಲಾಸು, ಕರವಸ್ತ್ರ, ಬ್ರೆಡ್ಡಿನ ಬುಟ್ಟಿ, ಕೊನೆಗೆ ಕುರ್ಚಿ. ಇಷ್ಟಕ್ಕೂ ಫೋಟೊ ತೆಗೆದು ಒಂದು ಕಾರ್ಡು ಮಾಡಿಕೊಟ್ಟೆ, ಅಂಗಿಯ ಜೇಬಿನಲ್ಲಿರುತ್ತದೆ. ಈಗ ಅದನ್ನು ಹೊರಗೆ ತೆಗೆಯುವುದೇ ಇಲ್ಲ. ಹದಿನೆಂಟನೆಯದು ಅಡುಗೆಮನೆ ಬಾಗಿಲ ಪಕ್ಕದ ಪುಟ್ಟ ಮೇಜು. ಒಂದು ಬದಿ ಗೋಡೆಗೆ ತಾಗಿದೆ, ಹಾಗಾಗಿ ಮೂರೇ ಕುರ್ಚಿ. ಅದನ್ನು ಕೊನೆಯಲ್ಲಿ ಹಾಸುತ್ತಾರೆ, ಎಲ್ಲಕ್ಕಿಂತ ನಿಧಾನವಾಗಿ.

ಹೋದ ಭಾನುವಾರ ಬೇಗ ಬಂದ ಒಬ್ಬ ದೊಡ್ಡ ಮನುಷ್ಯ ಕೂತುಕೊಂಡು ಚಾಕು ಎತ್ತಿಕೊಂಡ. ಎಲಾದಿಯೊ ಹೋಗಿ, “ಮುಟ್ಬೇಡಿ. ಇನ್ನೂ ಎರಡಾಗಿಲ್ಲ” ಅಂದರು. ಗೊಯೋ ಒಳಗೆ ಓಡಿಹೋಗಿ ಬಾಯಿಗೆ ಏಪ್ರನ್ ಒತ್ತಿಕೊಂಡು ನಕ್ಕರು.

ನಾನು ಪಕ್ಕದಿಂದ ಬಾಗಿಲಿಗೆ, ಬಾಗಿಲಿಂದ ಎದುರಿನ ಬೇಕರಿಗೆ ಸರಿದಿದ್ದೇನೆ. ಬೇಸಿಗೆಗೆ ಅಲ್ಲಿಂದಲೂ ಹೋಗಿಬಿಡುತ್ತೇನೆ.

ನೀವೆಸ್

*

ಆಲ್ಕೋರಾ ಮಠ, ೧೨ ಏಪ್ರಿಲ್ ೨೦೦೭

ಪ್ರಿಯ ನೀವೆಸ್,

ನಿಯಮ ಮರೆತಿರಿ! ನಿಮ್ಮ ಪತ್ರ ವಿಭೂತಿ ಬುಧವಾರ ಕಳೆದ ಮೇಲೆ ಬಂತಂತೆ, ನನ್ನ ಕೈಗೆ ಸಿಕ್ಕಿದ್ದು ಪಾಸ್ಕದ ಮರುದಿನ. ಅಷ್ಟು ದಿನ ಆ ಸಂತೋಷ ಪೆಟ್ಟಿಗೆಯಲ್ಲಿ ಸುಮ್ಮನೆ ಮಲಗಿತ್ತು. ನಾನು ಊಟದ ಕೋಣೆಯಲ್ಲಿ ಜೋರಾಗಿ ನಕ್ಕಾಗ ಎಲ್ಲರೂ ತಿರುಗಿ ನೋಡಿದರು. ‘ಇನ್ನೂ ಎರಡಾಗಿಲ್ಲ’ ಅನ್ನುವುದು ಈಗ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಎಂಬತ್ತೆರಡರ ಸಿಸ್ಟರ್ ಒಬ್ಬರು ಸೂಪಿನ ಪಾತ್ರೆಗೂ ಹಾಗೆ ಹೇಳುತ್ತಾರೆ.

ಅಮ್ಮ ಇದನ್ನು ನೋಡಬೇಕಿತ್ತು. ನನ್ನ ವಿಷಯ ಅವನು ಕೇಳುತ್ತಾನೆಯೇ? ಕೇಳಿದರೆ, ದಿನಾ ನೆನೆಯುತ್ತಾಳೆ ಎಂದು ಹೇಳಿ.

ತೆಕ್ಲಾ

*

ಅರಾಂದಾ, ೧೮ ಸೆಪ್ಟೆಂಬರ್ ೨೦೦೭

ಪ್ರಿಯ ಸಿಸ್ಟರ್,

ಒಂದು ಮಾತು ಕೇಳಬೇಕಿತ್ತು. ಗಾಬರಿಯಾಗುವಂಥದ್ದೇನಿಲ್ಲ.

ಜುಲೈಯಿಂದ ನಾನು ಹೋಟೆಲಿಗೆ ಹೋಗುತ್ತಿಲ್ಲ, ಶುಕ್ರವಾರ ಗೊಯೋಗೆ ಫೋನು ಮಾತ್ರ. ಆಗಸ್ಟಿನಲ್ಲಿ ಸಣ್ಣಪುಟ್ಟ ತಪ್ಪು ಶುರುವಾದವು. ಫೋರ್ಕು ಬಲಕ್ಕೆ ಬಂತು. ಏಳನೆಯ ಮೇಜಿನಲ್ಲಿ ಒಂದು ತಟ್ಟೆಯ ಮೇಲೆ ಇನ್ನೊಂದು. ಹೋಟೆಲಿಗೆ ರಜೆ ಇರುವ ಸೋಮವಾರ ಬಂದು ಮುಚ್ಚಿದ ಬಾಗಿಲ ಮುಂದೆ ನಿಂತಿದ್ದರಂತೆ. ನಾನು ಮೂರು ದಿನ ಪಕ್ಕದಲ್ಲಿ ನಿಂತೆ, ಆ ಮೂರು ದಿನವೂ ಎಲ್ಲ ಸರಿ. ಬಿಟ್ಟು ಬಂದ ವಾರವೇ ಮತ್ತೆ ಅದೇ ಕಥೆ.

ನಮ್ಮ ಕೆಲಸದಲ್ಲಿ ಒಂದು ಎಚ್ಚರಿಕೆ ಹೇಳಿಕೊಡುತ್ತಾರೆ. ತಪ್ಪು ಮಾಡಿದಾಗೆಲ್ಲ ಓಡಿ ಹೋದರೆ, ಬೇಕಾದವರು ಬರಬೇಕಾದರೆ ತಪ್ಪು ಮಾಡಬೇಕು ಎಂದೇ ಮನುಷ್ಯ ಕಲಿಯುತ್ತಾನೆ. ಹಾಗೇನಾದರೂ ಆಗಿದೆಯೇ? ಅಥವಾ ನಾನು ಬೇಗ ಸರಿದುಬಿಟ್ಟೆನೇ? ಚಿಕ್ಕಂದಿನಲ್ಲಿ ಹೀಗೆ ಕಲಿತದ್ದನ್ನು ಬಿಟ್ಟದ್ದುಂಟೇ? ಹೋಗಲೋ ಬೇಡವೋ ತಿಳಿಯುತ್ತಿಲ್ಲ. ನನಗಿಂತ ನಿಮಗೆ ಅವರು ಚೆನ್ನಾಗಿ ಗೊತ್ತು.

ನೀವೆಸ್

*

ಆಲ್ಕೋರಾ ಮಠ, ೨ ಅಕ್ಟೋಬರ್ ೨೦೦೭

ನೀವೆಸ್,

ನಿಮ್ಮ ಪತ್ರ ಓದುತ್ತ ಓದುತ್ತ ನಗು ಬಂತು. ಕಳ್ಳ! ಬದಲಾಗಿಲ್ಲ ನೋಡಿ.

ಹನ್ನೆರಡನೆಯ ವಯಸ್ಸಿನಲ್ಲಿ ಒಂದು ಇಡೀ ಚಳಿಗಾಲ ಕೂತು ಅಮ್ಮ ಅವನಿಗೆ ಬೂಟಿನ ಲೇಸು ಕಟ್ಟುವುದು ಕಲಿಸಿದಳು. ಕಲಿತ. ಬೀದಿಗೆಲ್ಲ ತೋರಿಸಿಕೊಂಡು ಬಂದ. ಒಂದು ತಿಂಗಳಾದ ಮೇಲೆ ಮರೆತೇಹೋಯಿತು ಎಂದು ಕಾಲು ಚಾಚಿ ಕೂತ. ಅಮ್ಮ ಅತ್ತಳು, ಮತ್ತೆ ದಿನಾ ಬೆಳಿಗ್ಗೆ ಅವನ ಮುಂದೆ ನೆಲದ ಮೇಲೆ ಕೂತು ತಾನೇ ಕಟ್ಟತೊಡಗಿದಳು. ಒಂದು ದಿನ ಬಾಗಿಲ ಸಂದಿಯಲ್ಲಿ ನಾನು ನೋಡುತ್ತೇನೆ, ಮಹಾರಾಯ ಎರಡೂ ಲೇಸು ಅಚ್ಚುಕಟ್ಟಾಗಿ ಕಟ್ಟಿಕೊಂಡು, ಅಮ್ಮನ ಹೆಜ್ಜೆ ಕೇಳಿದ ಕೂಡಲೇ ಬಿಚ್ಚಿ ಹಾಕಿದ! “ಯಾಕೋ?” ಅಂದರೆ, “ಅಮ್ಮ ಇಲ್ಲಿ ಕೂತ್ಕೋತಾಳೆ” ಅಂದ. ಬೆಳಿಗ್ಗೆಯ ಆ ಎರಡು ನಿಮಿಷ ಅಮ್ಮನ ತಲೆ ಅವನ ಕೈಗೆ ಎಟುಕುತ್ತಿತ್ತು. ಅವನಿಗೆ ಬೇಕಿದ್ದದ್ದು ಅಷ್ಟೇ.

ಅವನು ಏನನ್ನೂ ಮರೆತಿಲ್ಲ. ನಿಮ್ಮನ್ನು ಕರೆಯುತ್ತಿದ್ದಾನೆ. ನೀವು ಹೋದರೆ ಅಮ್ಮನಿಗೆ ಆದದ್ದೇ ನಿಮಗೂ ಆಗುತ್ತದೆ, ಜೀವನಪೂರ್ತಿ ಅವನ ಮುಂದೆ ನೆಲದ ಮೇಲೆ ಕೂತಿರುತ್ತೀರಿ. ಮನಸ್ಸು ಗಟ್ಟಿ ಮಾಡಿಕೊಂಡು ದೂರ ಇರಿ. ನಾನು ಹೇಳುತ್ತೇನೆ, ಹೋಗಬೇಡಿ.

ತೆಕ್ಲಾ

*

ಅರಾಂದಾ, ೨೫ ನವೆಂಬರ್ ೨೦೦೭

ಪ್ರಿಯ ಸಿಸ್ಟರ್,

ನಿಮ್ಮ ಪೆಟ್ಟಿಗೆಗೆ ಬೀಗ ಬೀಳುವ ಮೊದಲು ನಾಲ್ಕು ಸಾಲು. ನಿಮ್ಮ ಮಾತಿನಂತೆ ಹೋಗಲಿಲ್ಲ. ಅಕ್ಟೋಬರ್ ಪೂರ್ತಿ, ಈ ತಿಂಗಳೂ ಪೂರ್ತಿ. ಶುಕ್ರವಾರ ಫೋನು ಮಾಡಿದಾಗೆಲ್ಲ ಗೊಯೋ, “ಎಲ್ಲ ಭೇಷಾಗಿದೆ ತಾಯಿ, ನೀನು ನಿನ್ ಕೆಲ್ಸ ನೋಡ್ಕೋ” ಅನ್ನುತ್ತಾರೆ. ನೀವು ಹೇಳಿದ್ದೇ ಸರಿಯಾಯಿತು. ನಿಮಗೆ ಒಂದು ಥ್ಯಾಂಕ್ಸ್, ಲೇಸಿನ ಕಳ್ಳನಿಗೆ ಒಂದು ಗುದ್ದು.

ನೀವೆಸ್

*

ಆಲ್ಕೋರಾ ಮಠ, ೮ ಜನವರಿ ೨೦೦೮

ಪ್ರಿಯ ನೀವೆಸ್,

ಹೊಸ ವರ್ಷದ ಶುಭಾಶಯ. ನಿಮ್ಮ ನಾಲ್ಕು ಸಾಲು ಆಗಮನ ಕಾಲಕ್ಕೆ ಮುಂಚೆಯೇ ಸಿಕ್ಕಿತು, ನನಗೆ ಅದೇ ಕ್ರಿಸ್ಮಸ್ ಉಡುಗೊರೆ. ಒಂದು ಸಣ್ಣ ಜಂಬವೂ ಬಂತು, ಪಾಪನಿವೇದನೆಯಲ್ಲಿ ಅದನ್ನು ಹೇಳಿಕೊಂಡೆ. ಇಷ್ಟು ವರ್ಷ ದೂರ ಇದ್ದರೂ ತಮ್ಮನನ್ನು ನಾನೇ ಸರಿಯಾಗಿ ಬಲ್ಲೆನಲ್ಲ ಎಂದು.

ಇದರ ಜೊತೆ ಒಂದು ಡಬ್ಬಿ ಬಾದಾಮಿ ಸಿಹಿ ಕಳಿಸಿದ್ದೇನೆ. ಅರ್ಧ ಅವನಿಗೆ, ಅರ್ಧ ಆ ಮೀಸೆಯ ಯಜಮಾನರಿಗೆ. ಅವನು ಮೇಜಿನ ಪಕ್ಕ ನಿಂತಿರುವ ಒಂದು ಫೋಟೊ ಕಳಿಸುವಿರಾ? ಅವನ ತಲೆಕೂದಲು ನೆರೆತಿದೆಯೇ ಎಂದು ನೋಡಬೇಕು.

ತೆಕ್ಲಾ

*

ಅರಾಂದಾ, ೧ ಫೆಬ್ರವರಿ ೨೦೦೮

ಸಿಸ್ಟರ್,

ಬರುವ ಬುಧವಾರ ವಿಭೂತಿ ಬುಧವಾರ. ಅದಕ್ಕೆ ಮುಂಚೆ ಇದು ನಿಮ್ಮ ಕೈಗೆ ಸೇರಲೇಬೇಕು, ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ.

ಎಲಾದಿಯೊ ಕೆಲಸಕ್ಕೆ ಸೇರಿ ಒಂದು ವರ್ಷವಾಯಿತೆಂದು ಹೋದ ತಿಂಗಳು ಕೇಕು ತೆಗೆದುಕೊಂಡು, ಹೇಳದೆ ಕೇಳದೆ ಹೋಟೆಲಿಗೆ ಹೋದೆ. ಒಂದೂವರೆ ಗಂಟೆ. ಅವರು ಅಡುಗೆಮನೆಯಲ್ಲಿ ಊಟ ಮಾಡುತ್ತಿದ್ದರು. ಹೊರಗೆ ಗೊಯೋ, ಆ ವಯಸ್ಸಿನಲ್ಲಿ, ಬೆವರು ಸುರಿಸುತ್ತ ಮೇಜಿನಿಂದ ಮೇಜಿಗೆ ಓಡಾಡಿ ಫೋರ್ಕು ಚಾಕು ತಿರುಗಿಸಿ ಇಡುತ್ತಿದ್ದರು. ಕೆಲವು ಮೇಜಿನ ಮೇಲೆ ಬಟ್ಟೆಯೇ ಇರಲಿಲ್ಲ. ಒಂದರ ಮೇಲೆ ಗ್ಲಾಸು ಮಾತ್ರ ಹನ್ನೊಂದು.

“ಎಷ್ಟು ದಿನದಿಂದ ಇದು?” ಅಂದೆ.

ಅವರು ತಲೆ ಎತ್ತಲಿಲ್ಲ. “ಸೆಪ್ಟೆಂಬರ್‌ನಿಂದ.”

“ನಂಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಅವ್ನನ್ನ ಕರ್ಕೊಂಡು ಹೋಗ್ತಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ ಬಂದು ‘ಯಜಮಾನ್ರೇ, ಎಷ್ಟು ಜನ ಇವತ್ತು?’ ಅಂತಾನೆ. ನನ್ ಮಕ್ಳೂ ಹಾಗೆ ಕೇಳಿಲ್ಲ ನನ್ನ.”

ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವು. ಅದು ಲೇಸಿನ ಆಟವಲ್ಲ, ಸಿಸ್ಟರ್. ಮರೆವಿನ ಕಾಯಿಲೆ. ಡೌನ್ ಸಿಂಡ್ರೋಮ್ ಇರುವವರಿಗೆ ನಲವತ್ತು ದಾಟಿದ ಮೇಲೆ ಬೇಗ ಬರುತ್ತದೆಯಂತೆ. ಇದು ನನಗೆ ಗೊತ್ತಿತ್ತು, ಪಾಠದಲ್ಲಿ ಓದಿದ್ದೆ. ಕಣ್ಣೆದುರಿಗೆ ಇದ್ದಾಗ ಹೊಳೆಯಲಿಲ್ಲ. ನಾಲ್ಕು ತಿಂಗಳು ಅವರು ಒಬ್ಬರೇ ಆ ಮೇಜುಗಳ ನಡುವೆ ನಿಂತು ಮುಂದೇನು ಎಂದು ಹುಡುಕಿದ್ದಾರೆ. ಬೇಕರಿಯಿಂದ ನೋಡಿದ್ದರೂ ತಿಳಿಯುತ್ತಿತ್ತು. ನಿಮ್ಮನ್ನು ದೂರುತ್ತಿಲ್ಲ. ಹೋಗಬೇಡಿ ಎಂದು ನೀವು ಹೇಳಿದಿರಿ, ನನಗೂ ಆ ಮಾತೇ ಬೇಕಿತ್ತು. ನನ್ನ ಕೆಲಸ ಗೆದ್ದಿತು ಎಂದು ಎಲ್ಲರಿಗೂ ಹೇಳಿಕೊಂಡು ಆಗಿತ್ತಲ್ಲ.

ಈಗ ಮತ್ತೆ ದಿನಾ ಪಕ್ಕದಲ್ಲಿ ನಿಲ್ಲುತ್ತೇನೆ. ಕಲಿಸುವುದಕ್ಕಲ್ಲ, ಕಳೆಯುವುದಕ್ಕೆ. ಹದಿನೆಂಟು ಮೇಜು ಒಂಬತ್ತಾಯಿತು, ಈ ವಾರ ನಾಲ್ಕು. ಅಂಗಿಯ ಕಾರ್ಡಿನಿಂದ ಒಂದೊಂದೇ ಫೋಟೊ ಕತ್ತರಿಸುತ್ತಿದ್ದೇನೆ. ಹದಿನೆಂಟನೆಯ ಮೇಜು ಮಾತ್ರ ಈಗಲೂ ಒಂದು ತಪ್ಪೂ ಇಲ್ಲದೆ ಹಾಸುತ್ತಾರೆ. ಮೂರು ತಟ್ಟೆ, ಎರಡು ಬೆರಳಿನ ಜಾಗ. ಗೊಯೋ ಆ ಮೇಜಿಗೆ ಗಿರಾಕಿಗಳನ್ನು ಕೂರಿಸುವುದು ಬಿಟ್ಟಿದ್ದಾರೆ.

ಅಲ್ಲಿ ಕೂತು ನಿಮ್ಮ ದಾರಿ ನೋಡುತ್ತಾರೆ. ನಿಮ್ಮ ಹಳೆಯ ಫೋಟೊ ತೋರಿಸಿದರೆ ಈಗಲೂ “ಚೆಲೋ” ಅನ್ನುತ್ತಾರೆ. ಎಷ್ಟು ದಿನ ಅನ್ನುತ್ತಾರೋ ಡಾಕ್ಟರಿಗೂ ಗೊತ್ತಿಲ್ಲ. ಅಪ್ಪಣೆ ಕೇಳಿ, ಬನ್ನಿ. ಇಲ್ಲವಾದರೆ ನಾನೇ ಕರೆತರುತ್ತೇನೆ, ಮಠದ ಭೇಟಿ ಕೋಣೆಯ ಕಂಬಿಯ ಆಚೆಯಿಂದಾದರೂ ಮುಖ ತೋರಿಸಿ.

ಲಕೋಟೆಯ ಮೇಲೆ ಶಿಲುಬೆ ಎಳೆದಿದ್ದೆ. ಎಲಾದಿಯೊ ನೋಡಿ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡರು. ಅಮ್ಮ ತೀರಿಕೊಂಡಾಗ ಗೋಡೆಗೆ ಹಚ್ಚಿದ ಸಾವಿನ ಸುದ್ದಿಯ ಕಾಗದದ ಮೇಲೂ ಶಿಲುಬೆ ಇತ್ತಲ್ಲ. “ಚೆಲೋನೂ ಸತ್ಲಾ?” ಅಂದರು. ಆ ಲಕೋಟೆ ಹರಿದು ಬೇರೆ ತೆಗೆದುಕೊಂಡೆ. ಇನ್ನೂ ಐದು ದಿನವಿದೆ, ಶಿಲುಬೆ ಇಲ್ಲದೆಯೂ ಸೇರುತ್ತದೆ. ಡಬ್ಬಿಗೆ ಹಾಕುವುದು ಎಂದಿನಂತೆ ಅವರೇ.

ನೀವೆಸ್

*

ಅರಾಂದಾ, ೮ ಮಾರ್ಚ್ ೨೦೦೮

ಸಿಸ್ಟರ್ ತೆಕ್ಲಾ ಅವರಿಗೆ,

ಐದು ವಾರವಾಯಿತು. ಮಠಕ್ಕೆ ಫೋನೂ ಮಾಡಿದೆ. “ಪತ್ರ ಬಂದಿದೆಯಮ್ಮ, ಬಂದಿದೆ” ಅಂದರು ಹೆಬ್ಬಾಗಿಲ ಸಿಸ್ಟರ್. ಅಂದರೆ ನೀವು ಓದಿದ್ದೀರಿ. ಒಂದು ಸಾಲು ಬರೆಯಲು ನಿಮ್ಮ ದೇವರು ಬಿಡಲಿಲ್ಲವೋ, ನಿಮಗೇ ಬೇಡವಾಯಿತೋ, ನಾನು ಕೇಳುವುದಿಲ್ಲ.

ಸೋಮವಾರ ಫೋಟೊ ತೋರಿಸಿದೆ. “ಚಂದ ಇದ್ದಾಳೆ. ಯಾರವಳು?” ಅಂದರು.

ನಮ್ಮ ಕಚೇರಿಯವರು ಏಪ್ರಿಲ್ ಕೊನೆಗೆ ಅವರನ್ನು ಕೆಲಸ ಬಿಡಿಸಿ, ಇಂಥವರನ್ನು ಹಗಲಲ್ಲಿ ನೋಡಿಕೊಳ್ಳುವ ಹಗಲು ಕೇಂದ್ರಕ್ಕೆ ಸೇರಿಸಬೇಕೆಂದು ಹೇಳಿದ್ದಾರೆ. ಒಂದು ಮೇಜು ಹಾಸುವುದನ್ನು ಉದ್ಯೋಗ ಎನ್ನಲಾಗುವುದಿಲ್ಲವಂತೆ. ನಾನು ಜಗಳ ಆಡಲಿಲ್ಲ. ಬಿಡಿಸಬೇಡ ಎಂದು ಹೇಳಲು ಅವರ ಕಡೆಯವರು ಒಬ್ಬರೂ ಇಲ್ಲ.

ನೀವೆಸ್ ಅರ್ರಾನ್ಸ್

*

ಆಲ್ಕೋರಾ ಮಠ, ೨೪ ಮಾರ್ಚ್ ೨೦೦೮, ಪಾಸ್ಕದ ಸೋಮವಾರ

ನೀವೆಸ್, ಮಗಳೇ,

ಎರಡೂ ಪತ್ರ ಇವತ್ತು ಬೆಳಿಗ್ಗೆ ಸಿಕ್ಕಿದವು. ಎರಡೂ ಒಟ್ಟಿಗೆ. ಮೊದಲನೆಯದರ ಮೇಲೆ ಅರಾಂದಾ ಅಂಚೆಯ ಮುದ್ರೆ ಫೆಬ್ರವರಿ ಎಂಟರದು. ನೀವು ಬರೆದದ್ದು ಒಂದಕ್ಕೆ. ನಡುವೆ ಏನಾಯಿತೋ ತಿಳಿಯದು. ವಿಭೂತಿ ಬುಧವಾರ ಕಳೆದು ಬಂತು, ಶಿಲುಬೆ ಇರಲಿಲ್ಲ, ಪೆಟ್ಟಿಗೆಗೆ ಹೋಯಿತು. ನಾಲ್ಕು ಬಾಗಿಲ ಆಚೆ ನನ್ನ ತಮ್ಮ ನನ್ನನ್ನು ಕರೆಯುತ್ತಿದ್ದ, ನಾನು ಅವನಿಗಾಗಿ ಉಪವಾಸ ಮಾಡುತ್ತಿದ್ದೆ.

ತಪ್ಪು ನಿಯಮದ್ದಲ್ಲ, ನಿಮ್ಮದೂ ಅಲ್ಲ. ನಾನು ನಿಮಗೆ ಸುಳ್ಳು ಬರೆದೆ. ಮೂರನೆಯ ತಟ್ಟೆ ಪ್ರೀತಿಯ ರೂಢಿ ಎಂದೆನಲ್ಲ. ಅದು ಅಮ್ಮ ನನ್ನ ಮೇಲೆ ಹೊರಿಸಿದ ಮಾತು. ನಾನು ಮನೆ ಬಿಡುವ ದಿನ ಅವಳು ಅಳಲಿಲ್ಲ, ತಟ್ಟೆ ತೆಗೆದು ಮೇಜಿನ ಮೇಲಿಟ್ಟಳು. “ಹೋಗು. ನಾನು ಸತ್ಮೇಲೆ ಇವನ ಜೊತೆ ಕೂತು ಉಣ್ಣೋಕೆ ನೀನೇ ಬರ್ಬೇಕು. ಅಲ್ಲೀವರೆಗೂ ಇದು ಇಲ್ಲೇ ಇರುತ್ತೆ” ಅಂದಳು. ದೇವರು ನನ್ನನ್ನು ಕರೆದದ್ದು ನಿಜ. ಅಷ್ಟು ಬೇಗ ಎದ್ದು ಓಡಿದ್ದು ಮಾತ್ರ ಆ ಕರೆಗಲ್ಲ. ಮೂವತ್ತನೆಯ ವಯಸ್ಸಿನಲ್ಲಿ ಜೀವನಪೂರ್ತಿ ಅವನ ಬೂಟಿನ ಮುಂದೆ ಕೂರಲು ನನಗೆ ಹೆದರಿಕೆಯಾಯಿತು.

ಬಂದ ಎರಡನೆಯ ವರ್ಷ ಅಮ್ಮ ಅವನನ್ನು ಇಲ್ಲಿಗೆ ಕರೆತಂದಳು. ಅವನು ಕಂಬಿಯೊಳಗೆ ಭುಜದವರೆಗೂ ಕೈ ತೂರಿಸಿ ನನ್ನ ತೋಳು ಹಿಡಿದು, “ಬಾ ಚೆಲೋ, ಬಸ್ಸು ಇದೆ” ಎಂದು ಅತ್ತ. ಬಿಡಿಸಲು ಇಬ್ಬರು ಬೇಕಾದರು. ಇನ್ನು ಕರೆತರಬೇಡ ಎಂದು ಅಮ್ಮನಿಗೆ ಬರೆದವಳು ನಾನೇ. ಅಂಥವಳು ನಿಮಗೂ ‘ಹೋಗಬೇಡಿ’ ಎಂದು ಬರೆದೆ. ತಮ್ಮನನ್ನು ಬಲ್ಲೆ ಎಂದು ಜಂಬಪಟ್ಟೆ. ನಾನು ಬಲ್ಲದ್ದು ಹನ್ನೆರಡು ವರ್ಷದ ಹುಡುಗನನ್ನು ಮಾತ್ರ.

ಮದರ್ ಪತ್ರಗಳನ್ನು ಓದಿ ತಾವೇ ಹೆಬ್ಬಾಗಿಲ ಫೋನಿಗೆ ಹೋದರು. ಬಿಷಪ್ಪರಿಂದ ಎರಡು ದಿನದ ಅಪ್ಪಣೆ ತರಿಸಿದ್ದಾರೆ. ಏಪ್ರಿಲ್ ಹನ್ನೆರಡು, ಶನಿವಾರ, ಬಸ್ಸಿಗೆ ಬರುತ್ತೇನೆ. ಎಲಾದಿಯೊಗೆ ಹೇಳಬೇಡಿ. ಎಂದಿನಂತೆ ಮೇಜು ಹಾಸಲಿ. ನಾನು ಹೋಗಿ ನನ್ನ ಜಾಗದಲ್ಲಿ ಕೂರುತ್ತೇನೆ.

ಚೆಲೋ

*

ಆಲ್ಕೋರಾ ಮಠ, ೧೮ ಏಪ್ರಿಲ್ ೨೦೦೮

ಪ್ರೀತಿಯ ನೀವೆಸ್,

ಬಸ್ ನಿಲ್ದಾಣದಲ್ಲಿ ನಿಮಗೆ ಏನೂ ಹೇಳದೆ ಬಸ್ಸು ಹತ್ತಿದೆ. ನೀವು ಅವತ್ತು ಒಳಗೆ ಬರದೆ ಬೇಕರಿಯಲ್ಲೇ ನಿಂತಿರಿ. ಹಾಗಾಗಿ ಒಳಗೆ ಏನಾಯಿತೆಂದು ನಾನೇ ಬರೆಯಬೇಕು.

ಮೊದಲು ಪತ್ರದ ಸಂಗತಿ. ಗೊಯೋ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದರು. ಆ ಪತ್ರವನ್ನು ಎಲಾದಿಯೊ ಡಬ್ಬಿಗೆ ಹಾಕಿರಲಿಲ್ಲ. ಚೆಲೋದು ಎಂದು ಹದಿನೆಂಟನೆಯ ಮೇಜಿನಲ್ಲಿ ಚೆಲೋ ತಟ್ಟೆಯ ಕೆಳಗೆ ಇಟ್ಟಿದ್ದ. ವಿಭೂತಿ ಬುಧವಾರ ಕಳೆದ ಮೇಲೆ ಬಟ್ಟೆ ಕೊಡವುವಾಗ ಗೊಯೋಗೆ ಸಿಕ್ಕಿತು. “ನಾನೇ ಡಬ್ಬಿಗೆ ಹಾಕ್ಬಿಟ್ಟೆ ಸಿಸ್ಟರ್. ಅವ್ನ ತಪ್ಪು ಇನ್ನೊಂದು ಅಂತ ಆ ಹುಡುಗೀಗೆ ಯಾಕೆ ಹೇಳ್ಲಿ ಅಂತ ಸುಮ್ನಾದೆ” ಎಂದು ಹೇಳಿ ಮೀಸೆಯ ಮೇಲೆಲ್ಲ ಕಣ್ಣೀರು ಮಾಡಿಕೊಂಡರು. ಅವರ ಮೇಲೆ ಸಿಟ್ಟಾಗಬೇಡಿ. ನೀವು ನನ್ನ ಮಾತು ನಂಬಿದಿರಿ, ನಾನು ಹಳೆಯ ನೆನಪು ನಂಬಿದೆ, ಅವರು ಮುಚ್ಚಿಟ್ಟರು. ಎಲ್ಲರೂ ಅವನ ಒಳ್ಳೆಯದಕ್ಕೇ ಮಾಡಿದೆವು.

ನಾನು ಒಳಗೆ ಹೋದಾಗ ಅವನು ಕೊನೆಯ ಕರವಸ್ತ್ರ ಮಡಿಸುತ್ತಿದ್ದ. ತಲೆ ಪೂರ್ತಿ ನೆರೆತಿದೆ. ಅಪ್ಪನ ಹಾಗೆ ಕಾಣುತ್ತಾನೆ. ಮೂರು ತಟ್ಟೆ ಇತ್ತು. ಗೋಡೆಗೆ ಎದುರಾಗಿರುವ ಕುರ್ಚಿ ಯಾವಾಗಲೂ ನನ್ನದು, ಮನೆಯಲ್ಲೂ ಹಾಗೇ. ಹೋಗಿ ಕೂತೆ. ಇಪ್ಪತ್ತೊಂದು ವರ್ಷದ ಮೇಲೆ ಅವನು ಹಾಸಿದ ಮೇಜಿಗೆ ಕೂತೆ, ನೀವೆಸ್. ಅವನ ಮುಖ ನೋಡಿ ನಕ್ಕೆ.

ಅವನು ಹತ್ತಿರ ಬಂದು, ಸ್ವಲ್ಪ ಬಾಗಿ, ನೀವು ಕಲಿಸಿದ್ದಿರಬೇಕು, ಬಹಳ ಮರ್ಯಾದೆಯಿಂದ ಹೇಳಿದ:

“ಏಳ್ಬೇಕು ಮೇಡಮ್. ಈ ಜಾಗ ಬುಕ್ ಆಗಿದೆ.”

“ಯಾರಿಗೆ?” ಅಂದೆ.

“ಚೆಲೋಗೆ.”

“ನಾನೇ ಕಣೋ” ಎನ್ನಲು ಬಾಯಿ ತೆರೆದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ನಾನು ಕೂರುವಾಗ ಸರಿದುಹೋದ ತಟ್ಟೆಯನ್ನು ನೋಡುತ್ತಿದ್ದ. ಅದು ಸರಿಯಾಗುವವರೆಗೂ ಅವನಿಗೆ ಬೇರೇನೂ ಕಾಣುವಂತಿರಲಿಲ್ಲ. ಎದ್ದೆ. ಅವನು ಎರಡು ಬೆರಳಿಟ್ಟು ಅಳೆದು ತಟ್ಟೆಯನ್ನು ಮತ್ತೆ ಜಾಗಕ್ಕೆ ತಂದ, ಕುರ್ಚಿ ಒಳಗೆ ತಳ್ಳಿದ. ಆಮೇಲೆ ನನ್ನ ಮೇಲೆ ಕನಿಕರ ಬಂತೋ ಏನೋ, ಅಡುಗೆಮನೆಯಿಂದ ಒಂದು ಸ್ಟೂಲು ತಂದು ಬಾಗಿಲ ಪಕ್ಕ ಹಾಕಿ ಕೂರಿಸಿದ. ಬುಟ್ಟಿಯಿಂದ ಬ್ರೆಡ್ಡಿನ ಗಟ್ಟಿ ತುದಿ ಮುರಿದು ಕೊಟ್ಟ. ಹೆಸರು ಕೇಳಿದ.

“ತೆಕ್ಲಾ” ಅಂದೆ.

“ನಾನು ಎಲಾದಿಯೊ. ಇಲ್ಲಿ ಕೆಲ್ಸ ಮಾಡ್ತೀನಿ” ಅಂದ.

ನಾವಿಬ್ಬರೂ ಒಂದು ಗಂಟೆ ಆ ಖಾಲಿ ಕುರ್ಚಿಯನ್ನು ನೋಡುತ್ತ ಕೂತಿದ್ದೆವು.

ಹಗಲು ಕೇಂದ್ರಕ್ಕೆ ಕಳಿಸಬೇಡಿ ಎಂದು ಅವನ ಕಡೆಯವಳಾಗಿ ನಾನು ಹೇಳುತ್ತಿದ್ದೇನೆ. ಇದೇ ಪತ್ರವನ್ನು ನಿಮ್ಮ ಕಚೇರಿಯವರಿಗೆ ತೋರಿಸಿ. ಒಂದು ಮೇಜು ಉದ್ಯೋಗವಲ್ಲ ಎಂದು ಅವರು ಹೇಳಲಿ. ನನ್ನನ್ನು ನನ್ನದೇ ಜಾಗದಿಂದ ಎಬ್ಬಿಸಿದವನು ಕೆಲಸದ ಮೇಲಿದ್ದ ಮನುಷ್ಯ. ಗೊಯೋಗೂ ಅವನು ಬೇಕು. ಕಾರ್ಡಿನಲ್ಲಿ ಒಂದೇ ಫೋಟೊ ಉಳಿದಿದ್ದರೂ ಅದನ್ನು ಕತ್ತರಿಸಬೇಡಿ. ನೀವು ಪಕ್ಕದಲ್ಲೇ ನಿಂತಿರಿ, ಇನ್ನು ಹಿಂದೆ ಸರಿಯಬೇಡಿ. ಎಲ್ಲ ಕಾಲದಲ್ಲೂ ಪತ್ರ ಬರೆಯಿರಿ. ನಿಮ್ಮ ಅಕ್ಷರ ಇರುವ ಲಕೋಟೆಯನ್ನು ಇನ್ನು ಪೆಟ್ಟಿಗೆಗೆ ಹಾಕುವುದಿಲ್ಲವೆಂದು ಮದರ್ ಮಾತು ಕೊಟ್ಟಿದ್ದಾರೆ.

ಚೆಲೋ ಯಾಕೆ ಬರಲಿಲ್ಲ ಎಂದು ಅವನು ಕೇಳಿದರೆ, ಬಂದು ಹೋದಳು ಎಂದು ಹೇಳಬೇಡಿ. ಬಸ್ಸು ಲೇಟು ಅನ್ನಿ.

ತೆಕ್ಲಾ